‘ತಲುಪಿಸಲಾಯಿತು’: ದ್ವೀಪದ ರೆಸಾರ್ಟು ಮತ್ತು ನಮ್ಮ ಪ್ರವಾಸ ಕಥನ

ನಮ್ಮಲ್ಲಿ ಬರುವ ಪ್ರವಾಸ ಬರಹಗಳಲ್ಲಿ ಈಚೆಗೆ ದ್ವೀಪಗಳದ್ದೇ ದರ್ಬಾರು. ಕೆಲವು ವರ್ಷಗಳ ಹಿಂದೆ ಯುರೋಪಿನ ಹನ್ನೆರಡು ದಿನ, ಸಿಂಗಾಪುರದ ಆರು ದಿನ ಬರುತ್ತಿದ್ದವು. ಈಗ ಮಾಲ್ದೀವ್ಸಿನ ನಾಲ್ಕು ರಾತ್ರಿ, ಬಾಲಿಯ ಐದು ರಾತ್ರಿ, ಅಂಡಮಾನಿನ ಒಂದು ವಾರ. ಬರೆಯುವವರು ಠಾಣೆ, ಡೊಂಬಿವಲಿ, ಕಲ್ಯಾಣ, ವಾಶಿಗಳ ನಮ್ಮವರೇ: ಬ್ಯಾಂಕಿನವರು, ಸಾಫ್ಟ್‌ವೇರಿನವರು, ಓದು ಮುಗಿಸಿ ಮೊದಲ ಕೆಲಸ ಹಿಡಿದವರು. ಭಾಷೆ ಚೆನ್ನಾಗಿದೆ, ಕಾಗುಣಿತ ಸರಿಯಿದೆ, ಉತ್ಸಾಹಕ್ಕೆ ಕೊರತೆಯಿಲ್ಲ. ಆದರೂ ಹತ್ತು ಲೇಖನ ಓದಿದ ಮೇಲೆ ಒಂದೇ ಲೇಖನವನ್ನು ಹತ್ತು ಸಲ ಓದಿದಂತೆ ಅನ್ನಿಸುತ್ತದೆ. ಯಾಕೆ ಹೀಗೆ ಎಂದು ಕೇಳಿಕೊಳ್ಳುವುದು ಈ ಬರಹದ ಉದ್ದೇಶ.

ಈ ಲೇಖನಗಳಿಗೆ ಒಂದು ಸಿದ್ಧ ಮೈಕಟ್ಟಿದೆ. ಲೋಕಲ್ ಗಾಡಿಯ ನೂಕುನುಗ್ಗಲು, ಆಫೀಸಿನ ಒತ್ತಡ, ಮುಂಬಯಿಯ ಸೆಕೆಯಿಂದ ಶುರು. ವಿಮಾನದ ಕಿಟಕಿಯಿಂದ ಕಾಣುವ ನೀಲಿ ಹಸಿರು ಉಂಗುರಗಳು. ದೋಣಿ ಇಳಿದ ಕೂಡಲೇ ಎಳನೀರು, ತಣ್ಣನೆಯ ಟವೆಲು. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮರದ ಮನೆ, ನೆಲಕ್ಕೆ ಕೂರಿಸಿದ ಗಾಜು, ಗಾಜಿನಡಿ ಸುಳಿದಾಡುವ ಮೀನು. ಎರಡನೆಯ ದಿನ ಸ್ನಾರ್ಕ್ಲಿಂಗ್, ಮೂರನೆಯ ದಿನ ಡಾಲ್ಫಿನ್, ಎಲ್ಲ ಸಂಜೆಗಳಿಗೂ ಸೂರ್ಯಾಸ್ತ. ‘ಸ್ವರ್ಗ’ ಕನಿಷ್ಠ ಮೂರು ಸಲ. ಮೈಕಟ್ಟು ಒಂದೇ ಇರುವುದು ದೊಡ್ಡ ದೋಷವೇನೂ ಅಲ್ಲ. ಕಾಶಿಯಾತ್ರೆಯ ಬರಹಗಳಿಗೂ ಒಂದು ಮೈಕಟ್ಟು ಇತ್ತು. ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸಿದ್ದು ಈ ಲೇಖನಗಳ ಕ್ರಿಯಾಪದಗಳು.

‘ನಮ್ಮ ಲಗೇಜನ್ನು ಕೋಣೆಗೆ ತಲುಪಿಸಲಾಯಿತು.’ ‘ಹಾಸಿಗೆಯ ಮೇಲೆ ಹೂವಿನಿಂದ ಹಂಸ ಬಿಡಿಸಲಾಗಿತ್ತು.’ ‘ಬೆಳಿಗ್ಗೆ ಮರಳದಂಡೆಯಲ್ಲೇ ಉಪಾಹಾರ ಏರ್ಪಡಿಸಲಾಗಿತ್ತು.’ ಇಂಥ ವಾಕ್ಯಗಳು ಯಾವ ಲೇಖನ ತೆರೆದರೂ ಸಿಗುತ್ತವೆ. ಕನ್ನಡದ ಕ್ರಿಯಾಪದದ ಸ್ವಭಾವ ಗೊತ್ತಿದ್ದವರಿಗೆ ಇದು ವಿಚಿತ್ರವಾಗಿ ಕಾಣಬೇಕು. ನಮ್ಮಲ್ಲಿ ಕರ್ತೃಪದವನ್ನು ಬಿಟ್ಟರೂ ಕ್ರಿಯಾಪದ ಅದನ್ನು ಬಿಡುವುದಿಲ್ಲ. ‘ತಂದಳು’ ಅಂದರೆ ಸಾಕು, ಒಬ್ಬ ಹೆಂಗಸು ಎದುರಿಗೆ ಬಂದು ನಿಲ್ಲುತ್ತಾಳೆ. ‘ತಂದ’ ಅಂದರೆ ಒಬ್ಬ ಹುಡುಗ. ‘ತಂದರು’ ಅಂದರೆ ಗೌರವವೂ ಬರುತ್ತದೆ. ಆಡುಮಾತಿನಲ್ಲಿ ಕರ್ಮಣಿ ಪ್ರಯೋಗ ಇಲ್ಲವೆನ್ನುವಷ್ಟು ಕಡಿಮೆ. ಮದುವೆಮನೆಯಿಂದ ಬಂದ ಯಾರೂ ‘ಸಾರು ಬಡಿಸಲಾಯಿತು’ ಅನ್ನುವುದಿಲ್ಲ. ‘-ಲಾಯಿತು’, ‘-ಲಾಗುವುದು’ ಎಂಬ ಬಾಲಗಳು ಹೆಚ್ಚಾಗಿ ಬದುಕಿರುವುದು ಸುತ್ತೋಲೆಗಳಲ್ಲಿ, ಸಭಾವರದಿಗಳಲ್ಲಿ, ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎನ್ನುವ ಕಡೆ. ಮಾಡುವವರು ಯಾರೆಂದು ಹೇಳಲು ಇಷ್ಟವಿಲ್ಲದ ಕಡೆ. ಆ ಕಚೇರಿಯ ವ್ಯಾಕರಣ ಸಮುದ್ರದಂಡೆಗೆ ಹೇಗೆ ಬಂತು?

ರೆಸಾರ್ಟಿನಿಂದಲೇ ಬಂತು ಎಂದು ನನ್ನ ವಾದ. ಮಾಲ್ದೀವ್ಸಿನ ಅಂಥದೊಂದು ದುಬಾರಿ ಜಾಗದಲ್ಲಿ ನಾನು ನಾಲ್ಕು ರಾತ್ರಿ ಇದ್ದೆ. ಆ ಜಾಗವನ್ನು ಕಟ್ಟಿದ ಬಗೆಯಲ್ಲೇ ಈ ವಾಕ್ಯ ಇದೆ. ಬೆಳಿಗ್ಗೆ ಅತಿಥಿಗಳು ಏಳುವ ಮೊದಲೇ ಯಾರೋ ಮರಳನ್ನು ಕುಂಟೆ ಎಳೆದು ಹಿಂದಿನ ದಿನದ ಹೆಜ್ಜೆಗಳನ್ನೆಲ್ಲ ಅಳಿಸಿರುತ್ತಾರೆ. ಕೆಲಸದವರ ವಸತಿ ದ್ವೀಪದ ನಡುಮಧ್ಯದಲ್ಲಿ, ದಟ್ಟ ಗಿಡಗಳ ಮರೆಯಲ್ಲಿ; ಅವರು ನಡೆದಾಡುವ ದಾರಿ ಬೇರೆ, ಊಟದ ಮನೆ ಬೇರೆ. ಗಡಿಯಾರ ಕೂಡ ಬೇರೆ: ರಾಜಧಾನಿ ಮಾಲೆಯಲ್ಲಿ ಎಂಟು ಗಂಟೆಯಾದರೆ ಇಲ್ಲಿ ಒಂಬತ್ತು. ಅತಿಥಿಗೆ ಸಂಜೆಯ ಬೆಳಕು ಇನ್ನೊಂದು ಗಂಟೆ ಹೆಚ್ಚು ಸಿಗಲಿ ಎಂದು ಅನೇಕ ರೆಸಾರ್ಟುಗಳು ಹೀಗೆ ಮಾಡುತ್ತವೆ. ನೀವು ಕೋಣೆ ಬಿಟ್ಟು ಹೋದಾಗ ಕೋಣೆ ಚೊಕ್ಕಟವಾಗುತ್ತದೆ, ಬರುವಷ್ಟರಲ್ಲಿ ಹಂಸ ಅರಳಿರುತ್ತದೆ. ಮಾಡಿದವರನ್ನು ನೀವು ನೋಡಿಲ್ಲ. ಹಾಗಾಗಿ ‘ಬಿಡಿಸಲಾಗಿತ್ತು’ ಎನ್ನುವುದು ಅಲ್ಲಿ ಒಂದು ಅರ್ಥದಲ್ಲಿ ನಿಜವಾದ ವರದಿಯೇ. ಲೇಖಕ ಸುಳ್ಳು ಹೇಳುತ್ತಿಲ್ಲ. ರೆಸಾರ್ಟು ತೋರಿಸಿದಷ್ಟನ್ನೇ ಬರೆಯುತ್ತಿದ್ದಾನೆ. ವಿಮರ್ಶೆಯ ಪ್ರಶ್ನೆ ಇರುವುದು ಅಲ್ಲೇ. ತೋರಿಸಿದಷ್ಟನ್ನೇ ಬರೆಯುವುದಾದರೆ ಬರಹ ಯಾಕೆ ಬೇಕು? ಅದಕ್ಕೆ ಅವರ ಜಾಹೀರಾತು ಪುಸ್ತಿಕೆಯೇ ಇದೆ.

ಆ ನಾಲ್ಕು ದಿನಗಳಲ್ಲಿ ದ್ವೀಪದ ಬಗ್ಗೆ ನನಗೆ ಹೆಚ್ಚು ತಿಳಿದದ್ದು ದೋಸೆಯ ಹೆಂಚಿನ ಮುಂದೆ. ನಾವು ಕನ್ನಡದಲ್ಲಿ ಮಾತಾಡುವುದನ್ನು ಕೇಳಿಸಿಕೊಂಡ ದೋಸೆ ಹುಯ್ಯುವ ಹುಡುಗ ತಲೆ ಎತ್ತದೆಯೇ ಕೇಳಿದ, ‘ಊರ್ ಯಾವ್ದ್ ಸರ್ ನಿಮ್ದ್?’ ಅವನು ಬೈಂದೂರು ಕಡೆಯವನು. ಹತ್ತು ನಿಮಿಷ ಮಾತಾಡಿದ. ದ್ವೀಪದ ತೆಂಗಿನಮರಗಳಲ್ಲಿ ಕಾಯಿ ಬಲಿಯಲು ಬಿಡುವುದಿಲ್ಲ, ಅತಿಥಿಯ ತಲೆಯ ಮೇಲೆ ಬಿದ್ದರೆ ಕಷ್ಟ. ಹಾಗಾಗಿ ಚಟ್ನಿಯ ಕಾಯಿ ದೋಣಿಯಲ್ಲಿ ಹೊರಗಿನಿಂದ ಬರುತ್ತದೆ. ಒಂದು ಕೋಣೆಗೆ ನಾಲ್ಕು ಜನ: ಇವನು, ಒಬ್ಬ ಬಾಂಗ್ಲಾದೇಶದವನು, ಒಬ್ಬ ಶ್ರೀಲಂಕಾದವನು, ಒಬ್ಬ ನೇಪಾಳದವನು. ಸಮುದ್ರವನ್ನೇ ಕಾಣದ ಊರಿನಿಂದ ಬಂದ ನೇಪಾಳದವನು ಈಗ ಎಲ್ಲರಿಗಿಂತ ಚೆನ್ನಾಗಿ ಈಜುತ್ತಾನಂತೆ. ಗಾಳಿ ಜೋರಾಗಿ ಸರಕಿನ ದೋಣಿ ಒಂದು ದಿನ ತಡವಾದರೆ ಅಡಿಗೆಮನೆಯಲ್ಲಿ ಏನೇನು ಬದಲಾಗುತ್ತದೆ ಎಂದು ವಿವರಿಸಿದ. ಇವೆಲ್ಲ ಕೆಲಸದ ಮಾತುಗಳು, ದೂರಿನ ಮಾತುಗಳಲ್ಲ. ತನ್ನ ಕಸುಬಿನ ಬಗ್ಗೆ ಅವನಿಗೆ ಹೆಮ್ಮೆಯೇ ಇತ್ತು.

ಇನ್ನು ‘ಸುತ್ತಮುತ್ತ ನೋಡಬೇಕಾದ ಸ್ಥಳಗಳು’. ಸ್ವಾಗತ ಮಂಟಪದ ಪಟ್ಟಿಯಲ್ಲಿ ಹವಳದ ದಿಬ್ಬ, ಆಮೆ, ಡಾಲ್ಫಿನ್, ರಾತ್ರಿಯ ಮೀನುಗಾರಿಕೆ, ಮರಳದಿಬ್ಬದ ಊಟ ಇದ್ದವು. ಅದೇ ಸಾಲಿನಲ್ಲಿ, ಅದೇ ಅಕ್ಷರದಲ್ಲಿ, ‘ಸ್ಥಳೀಯ ದ್ವೀಪಕ್ಕೆ ಭೇಟಿ, ಅರ್ಧ ದಿನ’ ಎಂದೂ ಇತ್ತು. ಅಂದರೆ ಆ ದೇಶದ ಜನ ಡಾಲ್ಫಿನ್ ಮತ್ತು ಆಮೆಗಳ ನಡುವಿನ ಒಂದು ಐಟಂ. ಇದು ಆಕಸ್ಮಿಕವಲ್ಲ. 1972ರಲ್ಲಿ ಮಾಲ್ದೀವ್ಸಿನ ಮೊದಲ ರೆಸಾರ್ಟು ತೆರೆಯಿತು. ಆಮೇಲೆ ಬೆಳೆದ ಪದ್ಧತಿಯೇ ಒಂದು ದ್ವೀಪಕ್ಕೆ ಒಂದು ರೆಸಾರ್ಟು, ಅದೂ ಜನವಸತಿ ಇಲ್ಲದ ದ್ವೀಪದಲ್ಲಿ. ಸುಮಾರು 1,200 ದ್ವೀಪಗಳ ದೇಶದಲ್ಲಿ ಜನ ಇರುವುದು 200ಕ್ಕೂ ಕಡಿಮೆ ದ್ವೀಪಗಳಲ್ಲಿ. ಪ್ರವಾಸಿಯ ಮದ್ಯ ಮತ್ತು ಉಡುಗೆ ಊರಿನವರ ಕಣ್ಣಿಗೆ ಬೀಳದಿರಲಿ, ಊರಿನ ಬದುಕು ಪ್ರವಾಸಿಯ ಕಣ್ಣಿಗೆ ಬೀಳದಿರಲಿ ಎಂಬ ಏರ್ಪಾಡು ದಶಕಗಳ ಕಾಲ ನಡೆಯಿತು. ಜನವಸತಿಯ ದ್ವೀಪಗಳಲ್ಲಿ ಅತಿಥಿಗೃಹಗಳು ತೆರೆಯತೊಡಗಿದ್ದು 2009ರ ನಂತರ. ಈಗ ರೆಸಾರ್ಟಿನ ಬೆಲೆಯ ಸಣ್ಣ ಪಾಲಿನಲ್ಲಿ ಊರಿನ ನಡುವೆಯೇ ಉಳಿಯಬಹುದು. ಆದರೆ ನಮ್ಮ ಲೇಖನಗಳಲ್ಲಿ ಆ ಊರುಗಳ ಸುದ್ದಿ ನಾನು ಕಂಡದ್ದು ಬಹಳ ಕಡಿಮೆ.

ಆ ಅರ್ಧ ದಿನದಲ್ಲೂ ಕಾಣಲು ಬೇಕಾದಷ್ಟಿತ್ತು. ದೋಣಿಕಟ್ಟೆಯ ಹತ್ತಿರ ಕೊಳವೆಯ ಚೌಕಟ್ಟಿಗೆ ಹಗ್ಗದ ಬಲೆ ಬಿಗಿದು ಮಾಡಿದ ಆಸನಗಳ ಸಾಲು. ಅದರಲ್ಲಿ ತೂಗುತ್ತ ಕೂತ ಮುದುಕರು. ಅದನ್ನು ಅವರು ‘ಜೋಲಿ’ ಅನ್ನುತ್ತಾರೆ. ಮಗುವನ್ನು ಮಲಗಿಸುವ ನಮ್ಮ ಜೋಲಿಯೇ ಕಿವಿಗೆ ಬಡಿದಂತಾಗಿ ನಾನು ನಿಂತುಬಿಟ್ಟೆ. ಆ ಭಾಷೆಯ ಹೆಸರು ‘ದಿವೆಹಿ’, ಅಂದರೆ ದ್ವೀಪದ್ದು. ನಮ್ಮ ‘ದ್ವೀಪ’ ಮತ್ತು ಅವರ ‘ದಿವೆ’ ಒಂದೇ ಬೇರಿನವು. ಹವಳದ ಉಂಗುರಕ್ಕೆ ಇಂಗ್ಲಿಷಿನಲ್ಲಿರುವ ‘ಅಟಾಲ್’ ಎಂಬ ಪದ ಜಗತ್ತಿಗೆ ಹೋದದ್ದು ಇದೇ ಭಾಷೆಯಿಂದ. ಲಕ್ಷದ್ವೀಪದ ಮಿನಿಕಾಯ್‌ನವರು ಆಡುವುದೂ ಇದೇ ಭಾಷೆಯ ಒಂದು ರೂಪ. ಇಷ್ಟೆಲ್ಲ ಒಂದು ಜೋಲಿಯಿಂದ ಬಿಚ್ಚಿಕೊಳ್ಳಬಹುದಾಗಿದ್ದ ಕಡೆ ನಮ್ಮ ಲೇಖನಗಳು ಮಾಡುವುದೇನು? ‘ನಂತರ ಸ್ಥಳೀಯ ದ್ವೀಪಕ್ಕೆ ಕರೆದೊಯ್ಯಲಾಯಿತು. ಅಲ್ಲಿ ಸ್ಮರಣಿಕೆಗಳನ್ನು ಕೊಂಡೆವು.’ ಮತ್ತೆ ಸೂರ್ಯಾಸ್ತ.

ನಮ್ಮ ಹಿಂದಿನ ಪ್ರವಾಸ ಕಥನಗಳು ಹೀಗಿರಲಿಲ್ಲ. ಹಳೆಯದೆಲ್ಲ ಚಿನ್ನ ಎಂದು ಹೇಳುತ್ತಿಲ್ಲ. ಆ ಪುಸ್ತಕಗಳ ಹೆಸರುಗಳನ್ನೇ ಗಮನಿಸಿ ಎನ್ನುತ್ತಿದ್ದೇನೆ. ‘ಅಮೆರಿಕಾದಲ್ಲಿ ಗೊರೂರು’: ನೋಡಿದ ದೇಶದ ಜೊತೆಗೆ ನೋಡಿದವರು ಯಾರು, ಯಾವ ಊರಿನ ಕಣ್ಣಿನಿಂದ ನೋಡಿದರು ಎನ್ನುವುದೂ ಹೆಸರಿನಲ್ಲೇ ಇದೆ. ಎ.ಎನ್. ಮೂರ್ತಿರಾಯರದ್ದು ‘ಅಪರವಯಸ್ಕನ ಅಮೆರಿಕಾ ಯಾತ್ರೆ’; ವಯಸ್ಸು ಮೀರಿದ ಮೇಲೆ ಹೋದವನ ಕಥೆ ಎಂದು ಮೊದಲೇ ಹೇಳಿಬಿಡುತ್ತಾರೆ. ತೇಜಸ್ವಿಯವರದ್ದು ‘ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್’. ದ್ವೀಪದ ಬಗ್ಗೆ ಕನ್ನಡದಲ್ಲಿ ಹೆಚ್ಚು ಜನ ಓದಿದ ಪುಸ್ತಕ ಬಹುಶಃ ಅದೇ. ಅದರ ಮೊದಲ ಪದ ‘ಅಲೆಮಾರಿಯ’. ಅಲೆಮಾರಿಗೆ ದಾರಿ ಗೊತ್ತಿಲ್ಲ, ಹಾಗಾಗಿ ಕೇಳಬೇಕು. ಕೇಳಬೇಕಾದರೆ ಎದುರಿಗೆ ಒಬ್ಬ ಮನುಷ್ಯ ಬೇಕು. ಪ್ರವಾಸ ಕಥನ ಹುಟ್ಟುವುದು ಈ ಕೇಳಾಟದಲ್ಲಿ: ಊಟ ಎಲ್ಲಿ, ದೋಣಿ ಯಾವಾಗ, ಈ ಮೀನಿನ ಹೆಸರೇನು. ರೆಸಾರ್ಟು ಅತಿಥಿಯಿಂದ ಹಣ ತೆಗೆದುಕೊಳ್ಳುವುದೇ ಈ ಯಾವುದನ್ನೂ ಅವನು ಕೇಳಬೇಕಾಗದಂತೆ ನೋಡಿಕೊಳ್ಳಲು. ಬರಹಗಾರನಿಗೆ ಬೇಕಾದ ಸಾಮಗ್ರಿಯೂ ಅದರೊಡನೆ ಹೊರಟುಹೋಗುತ್ತದೆ.

ಬೇರೆ ಯಾರಾದರೂ ಇದನ್ನು ಮರೆತರೆ ಒಪ್ಪಬಹುದು. ಮುಂಬಯಿ ಕನ್ನಡಿಗರು ಮರೆಯುವುದು ಹೇಗೆ? ಈ ಊರಿನಲ್ಲಿ ನಮ್ಮ ಬೇರು ಇಳಿದದ್ದರಲ್ಲಿ ಹೋಟೆಲಿನ ಪಾಲು ದೊಡ್ಡದು. ಮಾಟುಂಗಾದಲ್ಲಿ ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಅಂಥ ಹತ್ತಾರು ಹೋಟೆಲುಗಳ ಹಿಂಬದಿಯಲ್ಲಿ ಕಪ್ಪು ಬಸಿ ತೊಳೆದು, ಟೇಬಲ್ ಒರೆಸಿ, ಮಾಣಿಯಾಗಿ, ಸಪ್ಲಾಯರ್ ಆಗಿ, ಗಲ್ಲಾಕ್ಕೆ ಬಂದು ಕೂತವರ ಮಕ್ಕಳು ಮೊಮ್ಮಕ್ಕಳು ನಾವು. ಹಗಲು ಹೋಟೆಲು, ರಾತ್ರಿ ಕನ್ನಡ ಶಾಲೆ ಎಂಬುದು ಇಲ್ಲಿನ ಎಷ್ಟೋ ಮನೆಗಳ ಕಥೆ. ಎದುರಿನ ಕುರ್ಚಿಯಲ್ಲಿ ಕೂತ ಗಿರಾಕಿ ತಮ್ಮ ಮುಖ ನೋಡದೆಯೇ ‘ಎರಡು ಸ್ಪೆಷಲ್’ ಅನ್ನುವುದನ್ನು ಕೇಳಿ ಬೆಳೆದವರು ನಮ್ಮ ಹಿರಿಯರು. ಈಗ ನಾವು ಆ ಕುರ್ಚಿಯಲ್ಲಿ ಕೂತಿದ್ದೇವೆ. ಕೂರಬೇಕು, ತಪ್ಪಿಲ್ಲ. ಆದರೆ ಕುರ್ಚಿ ಬದಲಾದ ಕೂಡಲೇ ವ್ಯಾಕರಣವೂ ಬದಲಾಗಿ, ತಂದುಕೊಟ್ಟವನು ವಾಕ್ಯದಿಂದಲೇ ಕಾಣೆಯಾದರೆ ಅದನ್ನು ಗಮನಿಸಬೇಕಾಗುತ್ತದೆ.

ಮುಂಬಯಿಯ ಕನ್ನಡ ಕಥೆ ಈ ವಿಷಯದಲ್ಲಿ ನಮ್ಮ ಪ್ರವಾಸ ಬರಹಕ್ಕಿಂತ ಬಹಳ ಮುಂದಿದೆ. ಜಯಂತ ಕಾಯ್ಕಿಣಿಯವರ ‘ಒಪೆರಾ ಹೌಸ್’ ಕಥೆ ನೆನಪಿಸಿಕೊಳ್ಳಿ. ಸಿನಿಮಾ ಮಂದಿರದಲ್ಲಿ ಆಟ ಮುಗಿದು ಪ್ರೇಕ್ಷಕರು ಹೊರಗೆ ಹೋದ ಮೇಲೆ ಗುಡಿಸುವವನ ಕಥೆ ಅದು. ಕುರ್ಚಿಯಡಿ ಜನ ಮರೆತು ಹೋದ ವಸ್ತುಗಳ ಮೂಲಕ ಅವನು ಜನರನ್ನು ಕಾಣುತ್ತಾನೆ. ಒಂದು ಫ್ಲಾಸ್ಕು ಅವನ ಪಾಲಿಗೆ ದೊಡ್ಡ ಹೊಣೆಯಾಗುತ್ತದೆ. ಅದೇ ಮಂದಿರದ ಬಗ್ಗೆ ಟಿಕೇಟು ಕೊಂಡವನೊಬ್ಬ ಬರೆದಿದ್ದರೆ ಏನಾಗುತ್ತಿತ್ತು ಎಂದು ಊಹಿಸಬಹುದು: ‘ಮಂದಿರವನ್ನು ಸ್ವಚ್ಛವಾಗಿ ಇಡಲಾಗಿತ್ತು.’ ಕಥೆ ಬರೆಯುವಾಗ ಗುಡಿಸುವವನನ್ನು ಕಾಣುವ ನಮ್ಮ ಕಣ್ಣು ಪ್ರವಾಸ ಬರೆಯುವಾಗ ಯಾಕೆ ಮುಚ್ಚಿಕೊಳ್ಳುತ್ತದೆ? ಪ್ರವಾಸ ಎಂದರೆ ರಜೆ, ರಜೆ ಎಂದರೆ ಕಣ್ಣಿಗೂ ರಜೆ ಎಂದು ನಾವು ಭಾವಿಸಿದ್ದೇವೆ ಅನ್ನಿಸುತ್ತದೆ.

ಕಳವಾದಲ್ಲಿ ತಿಂಗಳಿಗೊಂದು ಭಾನುವಾರ ಹತ್ತು ಹನ್ನೆರಡು ಮಂದಿ ಸೇರಿ ಬರೆದದ್ದನ್ನು ಓದಿಕೊಳ್ಳುತ್ತೇವೆ. ಅಲ್ಲಿ ಹೀಗೊಂದು ದ್ವೀಪದ ಲೇಖನ ಓದಿ ಮುಗಿದಾಗ, ಕೋಟೆಯ ಹೋಟೆಲಿನಲ್ಲಿ ಬಾಲ್ಯ ಕಳೆದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರೊಬ್ಬರು ಕೇಳಿದ್ದು ಒಂದೇ ಮಾತು: ‘ಎಲ್ಲ ಸಮ ಉಂಟು ಮಾರಾಯ, ಅಡಿಗೆ ಮಾಡಿದವ ಎಲ್ಲಿಗೆ ಹೋದ?’ ಎಲ್ಲರೂ ನಕ್ಕರು. ಲೇಖಕ ಹುಡುಗನೂ ನಕ್ಕ. ಆದರೆ ಇದಕ್ಕಿಂತ ಚಿಕ್ಕದಾಗಿ, ಇದಕ್ಕಿಂತ ಸರಿಯಾಗಿ ಈ ಬಗೆಯ ಬರಹದ ವಿಮರ್ಶೆ ಮಾಡಿದವರನ್ನು ನಾನು ಕಂಡಿಲ್ಲ.

ಅದೇ ಕೂಟದಲ್ಲಿ ಡೊಂಬಿವಲಿಯ ಹೆಣ್ಣುಮಗಳೊಬ್ಬಳು ಓದಿದ ಬರಹವೂ ನೆನಪಾಗುತ್ತದೆ. ಅವಳು ಅತ್ತೆ ಮಾವರನ್ನು ರೆಸಾರ್ಟಿಗೆ ಕರೆದುಕೊಂಡು ಹೋಗಿದ್ದಳು. ಮಾವ ನಲವತ್ತು ವರ್ಷ ಹೋಟೆಲ್ ಲೈನಿನಲ್ಲಿದ್ದವರು. ಬಫೆಯ ಮುಂದೆ ತಟ್ಟೆ ಹಿಡಿಯುವ ಬದಲು ಅವರು ಪಾತ್ರೆಗಳನ್ನು ಲೆಕ್ಕ ಹಾಕುತ್ತ ನಿಂತರಂತೆ: ಎಪ್ಪತ್ತು ಜನಕ್ಕೆ ಇಷ್ಟು ಬಗೆ ಮಾಡಿದರೆ ಉಳಿದದ್ದನ್ನು ರಾತ್ರಿ ಏನು ಮಾಡುತ್ತಾರೆ? ಸೊಸೆ ಅವರ ತುಳುವನ್ನು ಇಂಗ್ಲಿಷಿಗೆ ತಿರುಗಿಸಿ ಬಾಣಸಿಗನನ್ನು ಕೇಳಿದಳು. ಅವನು ಖುಷಿಯಾಗಿ ಮುದುಕರನ್ನು ಅಡಿಗೆಮನೆಗೆ ಕರೆದುಕೊಂಡು ಹೋಗಿ ಒಂದು ಗಂಟೆ ತೋರಿಸಿದ. ಮಾವ ವಾಪಸು ಬಂದು, ‘ಒಲೆ ನಮ್ಮದಕ್ಕಿಂತ ಒಳ್ಳೆಯದು, ಸೆಕೆ ಅಷ್ಟೇ’ ಅಂದರಂತೆ. ಇಷ್ಟು ಅವಳ ಹದಿನಾಲ್ಕು ಪುಟದಲ್ಲಿ ಎರಡೇ ವಾಕ್ಯವಾಗಿ ಬಂದಿತ್ತು. ವಿವರಗಳನ್ನೆಲ್ಲ ಅವಳು ಹೇಳಿದ್ದು ನಾವು ಕೇಳಿದ ಮೇಲೆ. ಸೂರ್ಯಾಸ್ತಕ್ಕೆ ಎರಡು ಪುಟ ಕೊಟ್ಟಿದ್ದಳು. ಅವಳ ಕೈಯಲ್ಲಿ ಬೇರೆ ಯಾರೂ ಬರೆಯಲಾಗದ ಒಂದು ಅಧ್ಯಾಯ ಇತ್ತು. ಸೂರ್ಯಾಸ್ತವನ್ನು ಯಾರು ಬೇಕಾದರೂ ಬರೆಯುತ್ತಾರೆ.

ಆ ಮುದುಕರ ಪ್ರಶ್ನೆಯಂಥವೇ ಪ್ರವಾಸ ಕಥನಕ್ಕೆ ಬೇಕಾದವು. ನೀರಿನ ಉದಾಹರಣೆ ತೆಗೆದುಕೊಳ್ಳಿ. ಹವಳದ ದ್ವೀಪದಲ್ಲಿ ಹೊಳೆಯಿಲ್ಲ, ಕೆರೆಯಂಥದ್ದು ಅಪರೂಪ. ಬಿದ್ದ ಮಳೆ ಮರಳಿನಲ್ಲಿ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾದ ಮಸೂರದಂತೆ ತೇಲುತ್ತದೆ, ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ. ಬಾವಿಯಿಂದ ಮಿತಿಮೀರಿ ಎತ್ತಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಹಾಗಾಗಿ ಈಜುಕೊಳಕ್ಕೂ ಷವರಿಗೂ ಬರುವ ನೀರು ಸಾಮಾನ್ಯವಾಗಿ ಸಮುದ್ರದ್ದೇ, ಯಂತ್ರ ಉಪ್ಪು ತೆಗೆದದ್ದು. ಯಂತ್ರ ಓಡುವುದು ದೋಣಿಯಲ್ಲಿ ಬಂದ ಡೀಸೆಲ್ಲಿನಿಂದ. 2014ರ ಡಿಸೆಂಬರಿನಲ್ಲಿ ಮಾಲೆಯ ಉಪ್ಪು ತೆಗೆಯುವ ಘಟಕಕ್ಕೆ ಬೆಂಕಿ ಬಿದ್ದಾಗ ಒಂದು ಇಡೀ ರಾಜಧಾನಿಗೆ ಕುಡಿಯುವ ನೀರಿಲ್ಲದೆ ಭಾರತ ವಿಮಾನ ಹಡಗುಗಳಲ್ಲಿ ನೀರು ಕಳಿಸಬೇಕಾಯಿತು. ಲಕ್ಷದ್ವೀಪದ ಕವರತ್ತಿಯಲ್ಲಿ 2005ರಿಂದ ಸಮುದ್ರದ ಮೇಲ್ಪದರ ಮತ್ತು ಆಳದ ನೀರಿನ ಬಿಸಿಯ ವ್ಯತ್ಯಾಸವನ್ನೇ ಬಳಸಿ ದಿನಕ್ಕೆ ಒಂದು ಲಕ್ಷ ಲೀಟರು ಸಿಹಿನೀರು ಮಾಡುವ ಘಟಕವಿದೆ. ಕಸದ್ದೂ ಹೀಗೆಯೇ ಒಂದು ಕಥೆ: ಮಾಲೆಯ ಪಕ್ಕದ ತಿಲಫುಶಿ ಎಂಬ ದ್ವೀಪ 1990ರ ದಶಕದ ಆರಂಭದಿಂದ ಕಸ ತುಂಬಿಯೇ ಬೆಳೆದದ್ದು. ‘ಸ್ಫಟಿಕದಂಥ ನೀರು’ ಎಂದು ಬರೆದವರು ಒಂದು ಸಲ ನಲ್ಲಿಯ ನೀರು ಎಲ್ಲಿಂದ ಬಂತು ಎಂದು ಕೇಳಿದ್ದರೆ ಇಷ್ಟೂ ಅವರ ಲೇಖನಕ್ಕೆ ಸೇರಬಹುದಿತ್ತು. ಸೌಂದರ್ಯ ಇದರಿಂದ ಕಡಿಮೆಯಾಗುತ್ತಿರಲಿಲ್ಲ. ಅದರ ಬೆಲೆ ಗೊತ್ತಾಗುತ್ತಿತ್ತು.

ಈ ಮಾತು ಈಗಲೇ ಹೇಳಲು ಇನ್ನೊಂದು ಕಾರಣವಿದೆ. 2024ರ ಜನವರಿಯಲ್ಲಿ ಪ್ರಧಾನಿಯವರ ಲಕ್ಷದ್ವೀಪ ಭೇಟಿಯ ಚಿತ್ರಗಳು ಬಂದು, ಮಾಲ್ದೀವ್ಸಿನ ಜೊತೆ ಜಗಳವೆದ್ದ ಮೇಲೆ ನಮ್ಮವರ ಕಣ್ಣು ಲಕ್ಷದ್ವೀಪದ ಕಡೆ ತಿರುಗಿದೆ. ಅದಕ್ಕೆ ಒಂದು ವರ್ಷ ಮೊದಲೇ, 2023ರ ಜನವರಿಯಲ್ಲಿ,  ತಾಜ್ ಹೋಟೆಲುಗಳ ಕಂಪನಿ ಸುಹೇಲಿ ಮತ್ತು ಕದ್ಮತ್ ದ್ವೀಪಗಳಲ್ಲಿ ತಲಾ 110 ಕೋಣೆಗಳ ರೆಸಾರ್ಟು ಕಟ್ಟುವುದಾಗಿ ಪ್ರಕಟಿಸಿತ್ತು. ಮರಳದಂಡೆಯ ಮನೆಗಳು, ನೀರಿನ ಮೇಲಿನ ಮನೆಗಳು, ಎಲ್ಲವೂ ಆ ಯೋಜನೆಯಲ್ಲಿವೆ. ನಾಳೆ ನಮ್ಮಲ್ಲಿಗೆ ಬರುವ ಲೇಖನಗಳು ಕದ್ಮತ್‌ನವೇ ಆಗಿರಬಹುದು.

ಕದ್ಮತ್ ಕನ್ನಡ ಓದುಗನಿಗೆ ಪರಕೀಯ ದ್ವೀಪವೇನಲ್ಲ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಸೇರಿದ ಅಮಿನ್‌ದಿವಿ ಗುಂಪು 1787ರಲ್ಲಿ ಟಿಪ್ಪುವಿನ ಕೈಗೆ ಬಂತು. 1799ರ ನಂತರ ಕಂಪನಿ ಸರಕಾರ ಅದನ್ನು ದಕ್ಷಿಣ ಕನ್ನಡ ಸೀಮೆಗೆ ಸೇರಿಸಿ ಮಂಗಳೂರಿನಿಂದ ಆಳಿತು. ದ್ವೀಪದವರ ತೆಂಗಿನ ನಾರು ಸರಕಾರದ ಏಕಸ್ವಾಮ್ಯ. ಅವರು ‘ಓಡ’ಗಳಲ್ಲಿ ನಾರು ಹೇರಿಕೊಂಡು ಮಂಗಳೂರಿನ ಬಂದರಿಗೆ ಬರಬೇಕು, ಸರಕಾರ ಕೊಟ್ಟ ದರದಲ್ಲಿ ಅಕ್ಕಿ ತೆಗೆದುಕೊಂಡು ಹೋಗಬೇಕು. ಸುಮಾರು ಒಂದೂವರೆ ಶತಮಾನ ಆ ದ್ವೀಪಗಳ ಕಚೇರಿ ನಮ್ಮೂರಿನಲ್ಲಿತ್ತು. 1956ರ ರಾಜ್ಯ ಪುನರ್ವಿಂಗಡಣೆಯ ಕಾನೂನು ದಕ್ಷಿಣ ಕನ್ನಡ ಜಿಲ್ಲೆಯನ್ನು ಮೈಸೂರು ರಾಜ್ಯಕ್ಕೆ ಕೊಟ್ಟಾಗ ಎರಡು ತುಂಡುಗಳನ್ನು ಹೊರಗಿಟ್ಟಿತು: ಕಾಸರಗೋಡು ತಾಲ್ಲೂಕು ಮತ್ತು ಅಮಿನ್‌ದಿವಿ ದ್ವೀಪಗಳು. ಕಾಸರಗೋಡಿನ ನೋವನ್ನು ಕಯ್ಯಾರ ಕಿಞ್ಞಣ್ಣ ರೈಗಳಂಥವರು ನಮ್ಮ ಸಾಹಿತ್ಯದಲ್ಲಿ ಉಳಿಸಿದರು. ಅದರ ಪಕ್ಕದಲ್ಲೇ ಇದ್ದ ಎರಡನೆಯ ಹೆಸರು ನಮ್ಮ ನೆನಪಿನಿಂದಲೇ ಹೋಯಿತು. ಅಲ್ಲಿನ ಭಾಷೆ ಮಲೆಯಾಳದ ಒಂದು ಬಗೆ. ಆ ದ್ವೀಪಗಳು ನಮ್ಮವು ಎಂಬ ಹಕ್ಕಿನ ಮಾತು ನಾನು ಆಡುತ್ತಿಲ್ಲ. ಮಂಗಳೂರಿನ ಹಳೆ ಬಂದರಿನಿಂದ ಮಂಜಿಗಳು ಈಗಲೂ ಜಲ್ಲಿ, ಸಿಮೆಂಟು, ತರಕಾರಿ ಹೇರಿಕೊಂಡು ಆ ದ್ವೀಪಗಳಿಗೆ ಹೋಗುತ್ತವೆ ಎನ್ನುವುದಷ್ಟೇ ನನ್ನ ಮಾತು. ನಂಟು ಕೆಲಸದ ರೂಪದಲ್ಲಿ ಜೀವಂತವಾಗಿದೆ, ಬರಹದಲ್ಲಿ ಮಾತ್ರ ತೆಳ್ಳಗಿದೆ. ಕವರತ್ತಿಯ ಆಕಾಶವಾಣಿಯಲ್ಲಿ ಕೆಲಸ ಮಾಡುತ್ತ ಲಕ್ಷದ್ವೀಪದ ಬಗ್ಗೆ ಬರೆದ ಅಬ್ದುಲ್ ರಶೀದರಂಥವರು ವಿರಳ. ಅವರು ಅಲ್ಲಿದ್ದದ್ದು ಅತಿಥಿಯಾಗಿ ಅಲ್ಲ, ನೌಕರನಾಗಿ. ದ್ವೀಪವೊಂದರಲ್ಲಿ ಸಂಬಳಕ್ಕೆ ದುಡಿಯುವವನಿಗೆ ಅಕ್ಕಪಕ್ಕದವರ ಹೆಸರು ಗೊತ್ತಿರಲೇಬೇಕಾಗುತ್ತದೆ.

ದ್ವೀಪ ನೋಡಲು ಅಷ್ಟು ದೂರ ಹೋಗಲಾರದ ವಿದ್ಯಾರ್ಥಿ ಓದುಗರಿಗೆ ಒಂದು ಮಾತು. ಕಳವಾದಿಂದ ಠಾಣೆಗೆ ಹೋಗುವುದೆಂದರೆ ಭೂಗೋಳದ ಲೆಕ್ಕದಲ್ಲಿ ದ್ವೀಪಕ್ಕೆ ಹೋಗುವುದೇ. ಠಾಣೆ ಇರುವುದು ಸಾಷ್ಟಿ ದ್ವೀಪದ ಅಂಚಿನಲ್ಲಿ, ಕಳವಾ ಇರುವುದು ಖಾಡಿಯಾಚೆಯ ಮುಖ್ಯ ನೆಲದಲ್ಲಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ಗಾಡಿ ಠಾಣೆಗೆ ಬಂದು ನಿಂತಿತು. ಹಳಿ ಖಾಡಿ ದಾಟಿ ಕಲ್ಯಾಣ ಮುಟ್ಟಿದ್ದು 1854ರಲ್ಲಿ. ಮುಂಬಯಿ ಬಂದರಿನ ನಡುವೆ ಘಾರಾಪುರಿ ಇದೆ. ಗುಹೆಗಳಿಗೆ 1987ರಲ್ಲಿ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು, ದ್ವೀಪದ ಮೂರು ಹಳ್ಳಿಗಳಿಗೆ ಸಮುದ್ರದಡಿಯ ಕೇಬಲ್ಲಿನಿಂದ ಕರೆಂಟು ಬಂದದ್ದು 2018ರಲ್ಲಿ. ಗೇಟ್‌ವೇಯಿಂದ ಒಂದು ಗಂಟೆಯ ದೋಣಿ. ತ್ರಿಮೂರ್ತಿಯ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬರೆದಿದ್ದಾರೆ. ಆ ಮೂವತ್ತೊಂದು ವರ್ಷ ದೀಪ ಹಚ್ಚಿಕೊಂಡು ಇದ್ದವರ ಬಗ್ಗೆ ಬರೆದುಕೊಟ್ಟರೆ ನಾವು ಸಂತೋಷದಿಂದ ಓದುತ್ತೇವೆ.

ರಜೆಗೆ ಹೋದವನ ತಲೆಗೆ ತಪ್ಪಿತಸ್ಥ ಭಾವನೆ ಕಟ್ಟಬೇಕೇ ಎಂದು ಕೆಲವರು ಕೇಳಬಹುದು. ಬೇಡ. ಮೂವತ್ತು ವರ್ಷ ಒಲೆಯ ಮುಂದೆ ನಿಂತವರಿಗೆ, ಅವರ ಮಕ್ಕಳಿಗೆ, ನಾಲ್ಕು ದಿನ ಕಾಲು ಚಾಚಿ ಕೂರುವ ಹಕ್ಕು ಪೂರ್ತಿಯಾಗಿ ಇದೆ. ಯಾರು ಎಲ್ಲಿಗೆ ಹೋಗಬೇಕು, ಎಷ್ಟು ಖರ್ಚು ಮಾಡಬೇಕು ಎನ್ನುವುದು ವಿಮರ್ಶೆಯ ವಿಷಯವಲ್ಲ. ವಾಪಸು ಬಂದು ಕನ್ನಡದಲ್ಲಿ ಬರೆಯಲು ಕೂತಾಗ ಮಾತ್ರ ಅದು ವಿಮರ್ಶೆಯ ವಿಷಯವಾಗುತ್ತದೆ. ಅಂಥ ಲೇಖನ ಕಳಿಸುವವರಲ್ಲಿ ನನ್ನದೊಂದು ಸಣ್ಣ ವಿನಂತಿ. ಬರೆದು ಮುಗಿಸಿದ ಮೇಲೆ ‘-ಲಾಯಿತು’, ‘-ಲಾಗಿತ್ತು’ ಎಂದು ಕೊನೆಯಾಗುವ ವಾಕ್ಯಗಳಿಗೆಲ್ಲ ಗೀಟು ಎಳೆಯಿರಿ. ಒಂದೊಂದನ್ನೂ ‘ತಂದ’, ‘ತಂದಳು’, ‘ತಂದರು’ ಎಂದು ತಿದ್ದಲು ನೋಡಿ. ಯಾವ ವಾಕ್ಯವನ್ನು ತಿದ್ದಲು ಆಗಲಿಲ್ಲವೋ, ಅಲ್ಲಿ ನೀವು ಯಾರನ್ನೋ ಮಾತಾಡಿಸದೆ ಬಂದಿದ್ದೀರಿ ಎಂದು ಅರ್ಥ. ಮುಂದಿನ ಸಲ ಹೋದಾಗ ಅವರಿಂದಲೇ ಶುರುಮಾಡಿ.